ಕೆರೆ ತುಂಬಿದರಷ್ಟೇ ಸಾಲದು, ನಡುಗಡ್ಡೆಯೂ ಉಳಿಯಲಿ

ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ 2023ರ ನವೆಂಬರ್‌ನಲ್ಲಿ ಲೋಕಾರ್ಪಣೆಗೊಂಡಿತು. ಅದಕ್ಕೂ ಮೊದಲು, 2018ರ ಜೂನ್‌ನಲ್ಲಿ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ತ್ಯಾಜ್ಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ತಲುಪಿತ್ತು. 2021ರ ನವೆಂಬರ್ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಬಹುಕಾಲದ ನಂತರ ಕೋಡಿ ಹರಿದವು. ವರ್ಷವಿಡೀ ಹರಿಯುವ ಒಂದೇ ಒಂದು ನದಿಯೂ ಇಲ್ಲದ, ಕೊಳವೆ ಬಾವಿಗಳು ಸಾವಿರ ಅಡಿ ದಾಟಿದರೂ ನೀರು ಕಾಣದ ನಾಡಿಗೆ ಇವು ಸಣ್ಣ ಸಂಗತಿಗಳಲ್ಲ. ನೀರು ಬಂದಲ್ಲಿಗೆ ಹಕ್ಕಿಗಳೂ ಬರುತ್ತವೆ. ಬರುವ ಹಕ್ಕಿಗಳಲ್ಲಿ ಒಂದರ ಸ್ಥಿತಿಯನ್ನು ನೋಡಿದರೆ, ನೀರಿನ ಬಗ್ಗೆ ನಾವು ಇಟ್ಟುಕೊಂಡಿರುವ ಲೆಕ್ಕ ಎಷ್ಟು ಅಪೂರ್ಣ ಎಂಬುದು ತಿಳಿಯುತ್ತದೆ. ಆ ಹಕ್ಕಿ ನದಿ ರೀವ.

ಪಕ್ಷಿಪ್ರಿಯರು ‘ರಿವರ್ ಟರ್ನ್’ ಎಂದು ಕರೆಯುವ ಈ ಹಕ್ಕಿಯದು ಮೂಲತಃ ಕಡಲಿನ ಕುಲ. ರೀವಗಳೂ ಗಲ್‌ಗಳೂ ಒಂದೇ ವಂಶಕ್ಕೆ ಸೇರಿದವು. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಅಳಿವೆಬಾಯಿಗಳ ಮರಳ ದಿಣ್ಣೆಗಳ ಮೇಲೆ ಚಳಿಗಾಲದಲ್ಲಿ ಸಾಲಾಗಿ ಕೂರುವ ರೀವಗಳು ಇದರ ದಾಯಾದಿಗಳು. ಆದರೆ ನದಿ ರೀವ ಕಡಲನ್ನು ಬಿಟ್ಟು ಒಳನಾಡಿನ ಸಿಹಿನೀರನ್ನು ನಂಬಿಕೊಂಡಿತು. ಬೂದುಬಣ್ಣದ ಬೆನ್ನು, ಬೆಳ್ಳನೆಯ ಹೊಟ್ಟೆ, ಕವಲೊಡೆದ ಉದ್ದನೆಯ ಬಾಲ. ಬೇಸಿಗೆಯಲ್ಲಿ ನೆತ್ತಿಗೆ ಕಪ್ಪು ಟೋಪಿ, ಕೊಕ್ಕಿಗೆ ಅರಿಶಿನದಂಥ ಗಾಢ ಹಳದಿ, ಕಾಲಿಗೆ ಕೆಂಪು. ನೀರಿನ ಮೇಲೆ ತೇಲಿದಂತೆ ಹಾರುತ್ತ, ಕಂಡ ಸಣ್ಣ ಮೀನಿಗೆ ತಲೆಕೆಳಗಾಗಿ ಧುಮುಕುವ ಇದನ್ನು ದೊಡ್ಡ ಕೆರೆಗಳ ಏರಿಯ ಮೇಲೆ ನಿಂತವರು ನೋಡಿಯೇ ಇರುತ್ತಾರೆ. ಕೊಕ್ಕರೆ, ಬಾತುಗಳ ನಡುವೆ ಹೆಸರು ಗೊತ್ತಿಲ್ಲದೆ ಉಳಿದಿರಬಹುದು, ಅಷ್ಟೆ.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಹಕ್ಕಿ ಹಿಂದೆ ‘ಅಪಾಯದ ಸಮೀಪ’ ಎಂಬ ವರ್ಗದಲ್ಲಿತ್ತು. 2020ರಲ್ಲಿ ಅದನ್ನು ‘ಅಪಾಯಕ್ಕೆ ಈಡಾಗಬಲ್ಲ’ ಪ್ರಭೇದಗಳ ಸಾಲಿಗೆ ಸೇರಿಸಲಾಯಿತು. ಆ ಪಟ್ಟಿಯಲ್ಲಿ ಇದಾದ ಮೇಲಿನ ಮೆಟ್ಟಿಲು ‘ಅಳಿವಿನಂಚು’, ಅದರಾಚೆಯದು ‘ತೀವ್ರ ಅಳಿವಿನಂಚು’. ಹತ್ತು ವರ್ಷ ಅಥವಾ ಮೂರು ತಲೆಮಾರುಗಳ ಅವಧಿಯಲ್ಲಿ, ಎರಡರಲ್ಲಿ ಯಾವುದು ದೀರ್ಘವೋ ಅಷ್ಟರಲ್ಲಿ, ಸಂಖ್ಯೆ ಶೇ 30ಕ್ಕಿಂತ ಹೆಚ್ಚು ಕುಸಿಯುವುದು ಒಂದು ಪ್ರಭೇದವನ್ನು ಈ ವರ್ಗಕ್ಕೆ ತರುವ ಮಾನದಂಡಗಳಲ್ಲೊಂದು. ಪಾಕಿಸ್ತಾನದಿಂದ ಮೆಕಾಂಗ್ ನದಿಯವರೆಗೆ ಹರಡಿದ್ದ ಈ ಹಕ್ಕಿ ಆಗ್ನೇಯ ಏಷ್ಯಾದ ಬಹುಭಾಗದಿಂದ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಉಳಿದಿರುವುದರಲ್ಲಿ ಸಿಂಹಪಾಲು ಭಾರತದಲ್ಲಿದೆ. ಎಂದರೆ ಇದರ ಅಳಿವು-ಉಳಿವು ಮುಖ್ಯವಾಗಿ ನಮ್ಮ ಕೈಯಲ್ಲಿದೆ.

ಕಣ್ಣಿಗೆ ಆಗಾಗ ಬೀಳುವ ಹಕ್ಕಿ ಅಪಾಯದಲ್ಲಿದೆ ಎಂದರೆ ನಂಬುವುದು ಕಷ್ಟ. ಮೋಸ ಇರುವುದೇ ಅಲ್ಲಿ. ರೀವಗಳು ದೀರ್ಘಾಯುಷಿಗಳು. ಬೆಳೆದ ಹಕ್ಕಿಗಳು ವರ್ಷಗಟ್ಟಲೆ ಬದುಕಿ, ಪ್ರತಿ ಚಳಿಗಾಲವೂ ಕೆರೆಯಿಂದ ಕೆರೆಗೆ ಸುತ್ತಾಡುತ್ತ ನಮ್ಮ ಕಣ್ಣನ್ನು ತುಂಬಿಸುತ್ತವೆ. ಹಿಂದಿನ ಬೇಸಿಗೆಯಲ್ಲಿ ಅವುಗಳ ಒಂದು ಮೊಟ್ಟೆಯೂ ಮರಿಯಾಗಲಿಲ್ಲ ಎಂಬುದು ಯಾರಿಗೂ ಕಾಣುವುದಿಲ್ಲ. ಸತತ ಹತ್ತು ಬೇಸಿಗೆ ಹೀಗೆಯೇ ಕಳೆದರೆ ಮುದಿಹಕ್ಕಿಗಳ ಹಿಂಡು ಮಾತ್ರ ಉಳಿಯುತ್ತದೆ. ಆಮೇಲೆ ಒಂದು ದಿನ ಅದೂ ಇರುವುದಿಲ್ಲ. ಆದ್ದರಿಂದ ಕೆರೆಯ ಮೇಲೆ ಎಷ್ಟು ಹಕ್ಕಿ ಹಾರುತ್ತಿವೆ ಎಂಬುದಕ್ಕಿಂತ ಎಷ್ಟು ಮರಿ ರೆಕ್ಕೆ ಬಿಚ್ಚಿದವು ಎಂಬ ಪ್ರಶ್ನೆಯೇ ಮುಖ್ಯ.

ನದಿ ರೀವ ಮರದಲ್ಲಿ ಗೂಡು ಕಟ್ಟುವುದಿಲ್ಲ, ಜೊಂಡಿನಲ್ಲಿ ಅಡಗುವುದಿಲ್ಲ. ನೀರಿನ ನಡುವೆ ಎದ್ದ ಬೋಳು ಮರಳ ದಿಣ್ಣೆ, ಇಲ್ಲವೇ ಬಂಡೆ–ಜಲ್ಲಿಯ ಪುಟ್ಟ ನಡುಗಡ್ಡೆಯ ಮೇಲೆ ಒಂದಿಷ್ಟು ಕೆರೆದು, ತಗ್ಗು ಮಾಡಿ, ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಕಂದು ಮಚ್ಚೆಯ ಆ ಮೊಟ್ಟೆಗಳು ನೆಲದ ಬಣ್ಣದಲ್ಲಿ ಕರಗಿಹೋಗುತ್ತವೆ. ಅದೇ ಅವುಗಳ ರಕ್ಷಣೆ. ಸುತ್ತಲಿನ ನೀರೇ ಕೋಟೆಯ ಕಂದಕ. ಕಾಲ ಮಾರ್ಚ್‌ನಿಂದ ಮೇ, ಅಂದರೆ ನಡು ಬೇಸಿಗೆ. ಬಿಸಿಲು ಏರಿದಾಗ ತಾಯಿತಂದೆ ಹಕ್ಕಿಗಳು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತವೆ, ರೆಕ್ಕೆಯ ನೆರಳು ಹಿಡಿಯುತ್ತವೆ. ಮೊಟ್ಟೆ ಒಡೆಯಲು ಸುಮಾರು ಮೂರು ವಾರ. ಮರಿ ಹಾರಲು ಇನ್ನೂ ಕೆಲವು ವಾರ. ವರ್ಷದಲ್ಲಿ ಈ ಹಕ್ಕಿ ನಮ್ಮಿಂದ ಬೇಡುವುದು ಇಷ್ಟೇ: ಎರಡು ತಿಂಗಳ ಕಾಲ ಯಾರೂ ತುಳಿಯದ ಒಂದು ತುಂಡು ಬರಿನೆಲ.

ಅದೇ ಅದಕ್ಕೆ ಸಿಗುತ್ತಿಲ್ಲ. ನದಿಗಳ ಮೇಲ್ಭಾಗದ ಅಣೆಕಟ್ಟುಗಳಿಂದ ಬೇಸಿಗೆಯಲ್ಲಿ ಒಮ್ಮೆಲೇ ನೀರು ಬಿಟ್ಟರೆ ದಿಣ್ಣೆಗಳು ಮುಳುಗಿ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ನೀರನ್ನು ಪೂರ್ತಿ ತಡೆದು ಹಿಡಿದರೆ ನಡುಗಡ್ಡೆ ದಡಕ್ಕೆ ಅಂಟಿಕೊಂಡು, ಬೀದಿನಾಯಿ, ನರಿ, ದನಕರುಗಳಿಗೆ ದಾರಿಯಾಗುತ್ತದೆ. ಮರಳು ತೆಗೆಯುವವರಿಗೆ ಬೇಕಾದದ್ದೂ ಅದೇ ದಿಣ್ಣೆ. ಇನ್ನು ಬಲೆ ಹಾಕುವವರೋ, ಕ್ಯಾಮೆರಾ ಹಿಡಿದವರೋ, ವಿಹಾರದ ದೋಣಿಯೋ ಹತ್ತಿರ ಬಂದರೆ ಹಕ್ಕಿಗಳೆಲ್ಲ ಒಮ್ಮೆಗೇ ಗಾಬರಿಯಿಂದ ಮೇಲೇಳುತ್ತವೆ. ಏಪ್ರಿಲ್ ಬಿಸಿಲಿಗೆ ತೆರೆದುಬಿದ್ದ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಕೆಡುತ್ತದೆ. ಅಷ್ಟರಲ್ಲಿ ಕಾಗೆ, ಹದ್ದುಗಳು ಕಾದಿರುತ್ತವೆ. ಇಲ್ಲಿ ಯಾರೂ ಕೋವಿ ಹಿಡಿದು ಬೇಟೆಯಾಡುತ್ತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಗೂ ಅದರ ಮೊಟ್ಟೆಗೂ ರಕ್ಷಣೆ ಕೊಟ್ಟಿದೆ. ಆದರೆ ಕಾಯ್ದೆ ತಡೆಯುವುದು ಬೇಟೆಯನ್ನು; ಈ ಹಕ್ಕಿಯನ್ನು ಕೊಲ್ಲುತ್ತಿರುವುದು ನಮ್ಮ ನೀರಿನ ವೇಳಾಪಟ್ಟಿ.

ಕರ್ನಾಟಕದಲ್ಲಿ ಈ ಹಕ್ಕಿಯ ಮುಖ್ಯ ತವರು ಲಕ್ಕವಳ್ಳಿಯ ಭದ್ರಾ ಜಲಾಶಯ. ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡ ಅದರ ಹಿನ್ನೀರಿನಲ್ಲಿ ಬೇಸಿಗೆ ಬಂದಂತೆ ನೀರು ಇಳಿದು ಪುಟ್ಟ ದ್ವೀಪಗಳು ತಲೆಯೆತ್ತುತ್ತವೆ. ರೀವಗಳು ಹಿಂಡುಹಿಂಡಾಗಿ ಅಲ್ಲಿ ನೆಲೆ ಹೂಡುತ್ತವೆ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಅಲ್ಲಿನ ತನ್ನ ವಸತಿಗೃಹಕ್ಕೆ ಈ ಹಕ್ಕಿಯ ಹೆಸರನ್ನೇ ಇಟ್ಟಿದೆ. ಕಾಲುವೆಗೆ ನೀರು ಬಿಡುವ ದಿನಾಂಕ, ಹಿಂದಿನ ಮಳೆಗಾಲದ ಉಳಿಕೆ, ಮುಂಗಾರುಪೂರ್ವ ಮಳೆ ಇವು ಮೂರೂ ಸೇರಿ ಆ ದ್ವೀಪಗಳು ಎಷ್ಟು ದಿನ ಒಣಗಿರುತ್ತವೆ ಎಂಬುದನ್ನು ನಿರ್ಧರಿಸುತ್ತವೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲೂ ಕಾವೇರಿಯ ಬಂಡೆಗಳ ಮೇಲೆ ರೀವಗಳು ಮೊಟ್ಟೆಯಿಡುತ್ತವೆ. 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇರೆಗೆ ಮೈಸೂರು ಅರಸರು ಪಕ್ಷಿಧಾಮವೆಂದು ಘೋಷಿಸಿದ ತಾಣ ಅದು. ಅಲ್ಲಿಯೂ ಹಕ್ಕಿಗಳ ಭಾಗ್ಯ ಕೃಷ್ಣರಾಜಸಾಗರದ ಬಾಗಿಲುಗಳಿಗೆ ಕಟ್ಟಿಕೊಂಡಿದೆ.

ಇಂಥ ಒಂದೆರಡು ತಾಣಗಳನ್ನೇ ನಂಬಿ ಕೂರುವುದು ಅಪಾಯ. ಒಂದು ಬೇಸಿಗೆಯ ಅಕಾಲಿಕ ನೀರು ರಾಜ್ಯದ ಒಂದು ವರ್ಷದ ಸಂತಾನದ ದೊಡ್ಡ ಪಾಲನ್ನು ಅಳಿಸಿಬಿಡಬಲ್ಲದು. ರೀವಗಳಿಗೆ ಬೇಕಿರುವುದು ನಾಡಿನುದ್ದಕ್ಕೂ ಹರಡಿದ ಸಣ್ಣಸಣ್ಣ ನೆಲೆಗಳು. ದಕ್ಷಿಣದ ಬಯಲುಸೀಮೆಯಲ್ಲಿ ಅಂಥ ನೆಲೆಗಳ ಜಾಲ ಇದ್ದದ್ದು ಕೆರೆಗಳಲ್ಲಿ. ಕೋಲಾರದ ಮಾತು ಇಲ್ಲಿ ಬರುವುದು ಅದಕ್ಕಾಗಿಯೇ.

ಸಾವಿರಾರು ಕೆರೆಗಳ ಈ ಜಿಲ್ಲೆಯಲ್ಲಿ ನೀರಿಗೆ ಒಂದು ಋತುಚಕ್ರವಿತ್ತು. ಹಿಂಗಾರಿಗೆ ಕೆರೆ ತುಂಬುತ್ತಿತ್ತು. ತೂಬು ಎತ್ತಿ ಗದ್ದೆಗೆ ನೀರು ಬಿಟ್ಟಂತೆ ಮಟ್ಟ ನಿಧಾನವಾಗಿ ಇಳಿದು, ಬೇಸಿಗೆಯ ಹೊತ್ತಿಗೆ ಅಂಗಳದ ಉಬ್ಬುಗಳು ನಡುಗಡ್ಡೆಗಳಾಗುತ್ತಿದ್ದವು. ಪಾಲಾರ್ ನದಿಯ ಬೇತಮಂಗಲದ ಕೆರೆಯಂಥ ವಿಶಾಲ ಜಲರಾಶಿ ಒಂದು ಕಾಲಕ್ಕೆ ಕೋಲಾರ ಚಿನ್ನದ ಗಣಿಯ ಕಾರ್ಮಿಕ ಕಾಲೊನಿಗಳಿಗೆ ಕುಡಿಯುವ ನೀರು ಕೊಟ್ಟಿತು. ಕಾಲ ಕಳೆದಂತೆ ಕಾಲುವೆಗಳು ಒತ್ತುವರಿಯಾದವು, ಅಂಗಳಗಳಲ್ಲಿ ಜಾಲಿ ಬೆಳೆಯಿತು, ಜಲಾನಯನದ ಉದ್ದಕ್ಕೂ ನೀಲಗಿರಿ ತೋಪುಗಳು ಎದ್ದವು. ಪಾಲಾರ್ ಪಾತ್ರದ ಮರಳು ಬೆಂಗಳೂರಿನ ಕಟ್ಟಡಗಳಿಗೆ ಸಾಗಿತು. ಮರಳು ಮುಗಿದ ಮೇಲೆ ಮಣ್ಣನ್ನೇ ತೊಳೆದು ಮರಳು ತೆಗೆಯುವ ‘ಫಿಲ್ಟರ್ ಮರಳು’ ದಂಧೆ ಕೆರೆ ಅಂಗಳಗಳನ್ನು ಹೊಕ್ಕಿತು. ನೀರೂ ಹೋಯಿತು, ದಿಣ್ಣೆಯೂ ಹೋಯಿತು.

ಈಗ ನೀರು ಮರಳುತ್ತಿದೆ. ಆದರೆ ಹಳೆಯ ಚಕ್ರ ಮರಳುತ್ತಿಲ್ಲ. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವ ಗುರಿಯ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನೂರಕ್ಕೂ ಹೆಚ್ಚು ಕೆರೆಗಳನ್ನು ಒಂದಕ್ಕೊಂದು ಜೋಡಿಸಲಾಗಿದೆ. ನಗರದ ಕೊಳಚೆಗೆ ಬೇಸಿಗೆ–ಮಳೆಗಾಲಗಳ ಭೇದವಿಲ್ಲ. ಅದು ವರ್ಷವಿಡೀ ಬರುತ್ತದೆ. ಅಂತರ್ಜಲಕ್ಕೆ ಇದು ಒಳಿತು. ಆದರೆ ಏಪ್ರಿಲ್‌ನಲ್ಲೂ ತುಂಬಿಯೇ ಇರುವ ಕೆರೆಯಲ್ಲಿ ನಡುಗಡ್ಡೆ ತಲೆಯೆತ್ತುವುದಿಲ್ಲ. ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ಈ ನೀರಿನಲ್ಲಿ ಉಳಿಯುವ ಸಾರಜನಕ, ರಂಜಕಗಳು ಜಲಕಳೆಗೆ ಗೊಬ್ಬರವಾಗುತ್ತವೆ. ಕಳೆ ಮುಚ್ಚಿದ ನೀರಿನಲ್ಲಿ ಮೀನನ್ನು ಕಂಡು ಧುಮುಕುವ ಹಕ್ಕಿಗೆ ಕೆಲಸವಿಲ್ಲ. ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದು ಜನರ ಆರೋಗ್ಯಕ್ಕಾಗಿ. ಅದು ಈಡೇರಿದರೆ ಕೆರೆಯ ಜೀವಿಗಳಿಗೂ ಉಪಕಾರವಾಗುತ್ತದೆ.

ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುವ ಕಾಮಗಾರಿಗಳನ್ನೂ ನೋಡಬೇಕು. ಹಿಟಾಚಿ ಯಂತ್ರಗಳು ಅಂಗಳವನ್ನು ಬಟ್ಟಲಿನಂತೆ ಕೊರೆದು, ದಡವನ್ನು ಕಡಿದಾಗಿಸಿ, ಸುತ್ತ ನಡಿಗೆ ದಾರಿ ಮಾಡುತ್ತವೆ. ಹೆಚ್ಚೆಂದರೆ ನಡುವೆ ಮಣ್ಣು ಗುಡ್ಡೆ ಹಾಕಿ ಗಿಡ ನೆಡುತ್ತಾರೆ. ಗಿಡಮರದ ದ್ವೀಪ ಕೊಕ್ಕರೆ, ನೀರುಕಾಗೆಗಳಿಗೆ ಸರಿ, ರೀವಕ್ಕೆ ಅಲ್ಲ. ಅದಕ್ಕೆ ಬೇಕಾದದ್ದು ತಗ್ಗಾದ, ಬೋಳಾದ, ಜಲ್ಲಿ ಹರಡಿದ, ನೀರಿನಿಂದ ಒಂದೆರಡು ಅಡಿ ಮೇಲೆದ್ದ ನೆಲ. ನಮ್ಮ ಸೌಂದರ್ಯ ಕಲ್ಪನೆಗೆ ಅದು ಅರೆಬರೆ ಕೆಲಸದಂತೆ ಕಾಣುತ್ತದೆ. ಆ ಹಕ್ಕಿಗೆ ಅದೇ ಮನೆ.

ಕಾನೂನೂ ಇಲ್ಲಿ ಕೈಕೊಟ್ಟಿದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರು ಮತ್ತು ನೀರಾವರಿಗೆಂದು ಮನುಷ್ಯರು ನಿರ್ಮಿಸಿದ ಜಲಮೂಲಗಳನ್ನು ವ್ಯಾಪ್ತಿಯಿಂದ ಹೊರಗಿಟ್ಟಿವೆ. ಕೋಲಾರದ ಕೆರೆಗಳೆಲ್ಲವೂ ಪೂರ್ವಿಕರು ಕಟ್ಟಿದವೇ. ಶತಮಾನಗಳಿಂದ ಹಕ್ಕಿಗಳಿಗೆ ಆಸರೆಯಾಗಿದ್ದರೂ ಈ ನಿಯಮಗಳ ಕಣ್ಣಿಗೆ ಅವು ಬರಿಯ ನೀರಿನ ತೊಟ್ಟಿಗಳು. ರಾಜ್ಯದ ರಾಮ್ಸಾರ್ ತಾಣಗಳ ಪಟ್ಟಿಗೆ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು. ಮಾಗಡಿ, ಅಂಕಸಮುದ್ರ ಎರಡೂ ಮನುಷ್ಯರು ಕಟ್ಟಿದ ಕೆರೆಗಳೇ ಎಂಬುದನ್ನು ಮರೆಯಬಾರದು. ಇಚ್ಛೆಯಿದ್ದರೆ ಕೆರೆಗೂ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಅವೇ ಸಾಕ್ಷಿ.

ಕುಡಿಯಲು ನೀರಿಲ್ಲದ ಜಿಲ್ಲೆಯಲ್ಲಿ ಹಕ್ಕಿಯ ಚಿಂತೆ ಯಾಕೆ ಎಂಬ ಪ್ರಶ್ನೆ ಸಹಜ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಾಶ್ವತ ನೀರಾವರಿಗಾಗಿ ಬೀದಿಗಿಳಿದ ರೈತರ, ಟ್ಯಾಂಕರ್‌ಗೆ ಕಾದು ನಿಂತ ಕೆಜಿಎಫ್‌ನ ಹೆಂಗಸರ ನೋವು ದೊಡ್ಡದು. ಆದರೆ ನದಿ ರೀವ ಯಾರ ಪಾಲಿನ ನೀರನ್ನೂ ಕೇಳುತ್ತಿಲ್ಲ. ಅದರ ಅಗತ್ಯಕ್ಕಾಗಿ ಒಂದು ಬಿಂದಿಗೆ ನೀರನ್ನೂ ಕಡಿತ ಮಾಡಬೇಕಿಲ್ಲ, ಒಂದು ಎಕರೆ ಜಮೀನನ್ನೂ ಸ್ವಾಧೀನಪಡಿಸಿಕೊಳ್ಳಬೇಕಿಲ್ಲ. ಮೇಲಾಗಿ, ಸಣ್ಣ ಮೀನು ಬದುಕುವ, ಬಲೆಗೂ ಹಕ್ಕಿಗೂ ಸಾಲುವ ನೀರು ಮನುಷ್ಯರ ಬಳಕೆಗೂ ಹತ್ತಿರದ ನೀರು. ರೀವ ಬಿಟ್ಟುಹೋದ ಕೆರೆಯ ಬಗ್ಗೆ ಮನುಷ್ಯರೂ ಯೋಚಿಸಬೇಕಾಗುತ್ತದೆ.

ಒಂದೇ ಅಳತೆಗೋಲಿನಿಂದ ಲಾಭವನ್ನು ಅಳೆದರೆ ಏನಾಗುತ್ತದೆ ಎಂಬುದನ್ನು ಕೆಜಿಎಫ್‌ಗೆ ಬೇರೆಯವರು ಕಲಿಸಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಅಲ್ಲಿ ಲೆಕ್ಕಕ್ಕೆ ಬಂದದ್ದು ಚಿನ್ನದ ತೂಕ ಮಾತ್ರ. ಎಂಟುನೂರು ಟನ್ ಚಿನ್ನ ಹೊರಗೆ ಹೋಯಿತು. ಮೂರು ಕೋಟಿ ಟನ್ನಿಗೂ ಹೆಚ್ಚಿನ ಸೈನೈಡ್ ಮಣ್ಣಿನ ದಿಬ್ಬಗಳು ಊರಿನಲ್ಲೇ ಉಳಿದವು, ಗಾಳಿ ಬೀಸಿದಾಗಲೆಲ್ಲ ಮನೆಗಳ ಮೇಲೆ ಧೂಳು ಸುರಿಸುತ್ತ. ಇಂದು ನೀರನ್ನೂ ನಾವು ಅದೇ ರೀತಿ ಲೀಟರ್, ಟಿಎಂಸಿಗಳಲ್ಲಿ ಮಾತ್ರ ಅಳೆಯುತ್ತಿದ್ದೇವೆ. ಆ ಲೆಕ್ಕದಲ್ಲಿ ನೀರಿನ ಗುಣವಿಲ್ಲ, ಋತುವಿಲ್ಲ, ಅದರಲ್ಲಿ ಬದುಕುವ ಜೀವವಿಲ್ಲ.

ಇದೇ ಜಿಲ್ಲೆಯಲ್ಲಿ ಒಳ್ಳೆಯ ಮೇಲ್ಪಂಕ್ತಿಯೂ ಇದೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, 1994ರಲ್ಲಿ ವಿಜ್ಞಾನಲೋಕಕ್ಕೆ ಪರಿಚಿತವಾದ ಕೋಲಾರದ ಎಲೆಮೂಗಿನ ಬಾವಲಿ ಹನುಮನಹಳ್ಳಿಯ ಒಂದೇ ಗುಹೆಯಲ್ಲಿ ಉಳಿದಿದೆ. ಸಂಖ್ಯೆ ಇನ್ನೂರಕ್ಕಿಂತ ಕಡಿಮೆ ಎಂಬ ಅಂದಾಜಿನ ಮೇಲೆ ಅದನ್ನು ‘ತೀವ್ರ ಅಳಿವಿನಂಚಿನ’ ಪ್ರಭೇದವೆಂದು ಗುರುತಿಸಲಾಗಿದೆ. ಕಲ್ಲು ಗಣಿಗಾರಿಕೆ ಗುಹೆಯ ಬಾಗಿಲಿಗೇ ಬಂದಾಗ ಸಂಶೋಧಕರು ದನಿಯೆತ್ತಿದರು. ಗಣಿಗಾರಿಕೆಗೆ ತಡೆ ಬಿತ್ತು, ಸುತ್ತಲಿನ ಸುಮಾರು 30 ಎಕರೆಗೆ ರಕ್ಷಣೆ ಸಿಕ್ಕಿತು. ನೂರಾರು ಕೋಟಿಯ ಯೋಜನೆ ಬೇಕಾಗಲಿಲ್ಲ. ಎಲ್ಲಿ, ಏನನ್ನು, ಯಾವಾಗ ಮುಟ್ಟಬಾರದು ಎಂಬ ತಿಳಿವಳಿಕೆ ಸಾಕಾಯಿತು. ರೀವದ ವಿಷಯದಲ್ಲೂ ಅನುಭವ ಇದೇ. ಚಂಬಲ್ ನದಿಯ ದಿಣ್ಣೆಗಳಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸ್ಥಳೀಯರನ್ನೇ ಗೂಡುಗಳ ಕಾವಲಿಗೆ ನೇಮಿಸಿದೆ. ಕಾಂಬೋಡಿಯದ ಮೆಕಾಂಗ್ ತೀರದಲ್ಲೂ ಹಳ್ಳಿಗರು ಕೂಲಿ ಪಡೆದು ರೀವಗಳ ಮೊಟ್ಟೆ ಕಾಯುತ್ತಾರೆ.

ನಮ್ಮಲ್ಲೂ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಸಣ್ಣ ನೀರಾವರಿ ಇಲಾಖೆ ಹೂಳೆತ್ತುವ ಪ್ರತಿ ದೊಡ್ಡ ಕೆರೆಯ ಅಂದಾಜುಪಟ್ಟಿಯಲ್ಲಿ ದಡದಿಂದ ದೂರವಿರುವ, ಗಿಡ ನೆಡದ ಒಂದು ಜಲ್ಲಿ ನಡುಗಡ್ಡೆಯನ್ನು ಕಡ್ಡಾಯವಾಗಿ ಸೇರಿಸಬೇಕು. ಪಂಪು ಮಾಡಿದ ನೀರು ಪಡೆಯುವ ಕೆರೆಗಳಲ್ಲಿ ಕೆಲವನ್ನಾದರೂ ಆಯ್ದು, ಮಾರ್ಚ್‌ನಿಂದ ಮೇ ಅಂತ್ಯದವರೆಗೆ ನೀರಿನ ಮಟ್ಟ ಏರದಂತೆ ಸರದಿ ಗೊತ್ತುಮಾಡಬೇಕು. ಆ ನೀರನ್ನು ಪಕ್ಕದ ಕೆರೆಗೆ ಹರಿಸಿದರಾಯಿತು. ಮೀನುಗಾರಿಕೆ ಇಲಾಖೆ ಕೆರೆಗಳನ್ನು ಗುತ್ತಿಗೆ ಕೊಡುವಾಗ ಈ ಮೂರು ತಿಂಗಳು ಗೂಡಿನ ದಿಣ್ಣೆಯ ಹತ್ತಿರ ಬಲೆ ಬೀಸಬಾರದೆಂಬ ಷರತ್ತು ಹಾಕಿ, ಕಾವಲಿನ ಕೂಲಿಯನ್ನು ಮೀನುಗಾರರ ಸಂಘಕ್ಕೇ ಕೊಡಬೇಕು. ಯರಗೋಳ್‌ನಲ್ಲಿ ಪ್ರವಾಸೋದ್ಯಮ ಬೆಳೆಸುವ ಮೊದಲು ದೋಣಿ ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆ ಎಳೆಯಬೇಕು. ಭದ್ರಾ ಜಲಾಶಯದಲ್ಲಿ ನೀರು ಬಿಡುವ ದಿನಾಂಕ ನಿರ್ಧರಿಸುವ ಸಮಿತಿಯ ಮುಂದೆ ಅರಣ್ಯ ಇಲಾಖೆಯ ಗೂಡುಗಣತಿಯೂ ಬರಬೇಕು. ಕೋಲಾರದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಪ್ರತಿ ಬೇಸಿಗೆ ಗೂಡು, ಮೊಟ್ಟೆ, ಮರಿಗಳ ಲೆಕ್ಕವನ್ನು ದೂರದಿಂದಲೇ ದಾಖಲಿಸುವುದು ಅಸಾಧ್ಯವೇನಲ್ಲ.

ಕೆಂಪು ಪಟ್ಟಿಯ ಒಂದು ಮೆಟ್ಟಿಲು ಏರಲು ನದಿ ರೀವಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಇದೇ ಮರಳ ದಿಣ್ಣೆಗಳಲ್ಲಿ ಅದರ ಜೊತೆ ಗೂಡು ಮಾಡುವ ಇಂಡಿಯನ್ ಸ್ಕಿಮ್ಮರ್ ಈಗಾಗಲೇ ‘ಅಳಿವಿನಂಚಿನ’ ಹಕ್ಕಿಯಾಗಿದೆ. ರೀವಕ್ಕೆ ಇನ್ನೂ ಸಮಯವಿದೆ, ಉಪಾಯ ಅಗ್ಗವಾಗಿದೆ, ನೀರೂ ಬಂದಿದೆ. ಕೋಲಾರದ ಕೆರೆಗಳನ್ನು ತುಂಬಿಸಲು ಸಾವಿರಾರು ಕೋಟಿ ರೂಪಾಯಿ ವೆಚ್ಚ ಮಾಡಿದ ಸರ್ಕಾರ, ಅವುಗಳ ನಡುವೆ ನಾಲ್ಕು ಗುಂಟೆ ಬರಿನೆಲವನ್ನು ಎರಡು ತಿಂಗಳ ಮಟ್ಟಿಗೆ ಬಿಟ್ಟುಕೊಡಲಾರದೆ ಹೋದರೆ, ಕೊರತೆಯಿರುವುದು ಹಣದ್ದೂ ಅಲ್ಲ, ನೀರಿನದ್ದೂ ಅಲ್ಲ. ಮುಂದಿನ ಮಾರ್ಚ್‌ನೊಳಗೆ ಒಂದು ಕೆರೆಯಲ್ಲಾದರೂ ಈ ಕೆಲಸ ಆರಂಭವಾಗಲಿ.